ಸವುಳು ನೀರಿಗೆ ಸೊರಗಿದ ಹೂಗಿಡ: ಎಲೆಗೂ ಬೇಕು ಒಂದು ತುತ್ತು!

ಸಂತೆಯಿಂದಲೋ ನರ್ಸರಿಯಿಂದಲೋ ಆಸೆಪಟ್ಟು ತಂದ ಗುಲಾಬಿ. ಬಂದ ವಾರ ನಳನಳಿಸುತ್ತಿತ್ತು. ತಿಂಗಳು ಕಳೆಯುವುದರೊಳಗೆ ಎಲೆಯ ಅಂಚು ಯಾರೋ ಊದುಬತ್ತಿ ತಾಗಿಸಿದಂತೆ ಕಂದಿದೆ. ಮೊಗ್ಗು ಬಿರಿಯುವ ಮೊದಲೇ ಬಾಗಿದೆ. ನೀರು ಸಾಲಲಿಲ್ಲವೇನೋ ಅಂತ ಇನ್ನೊಂದು ತಂಬಿಗೆ ಸುರಿಯುತ್ತೀರಿ. ಗೊಬ್ಬರ ಕಡಿಮೆಯಾಯಿತೇನೋ ಅಂತ ಒಂದು ಹಿಡಿ ಹಾಕುತ್ತೀರಿ. ಗಿಡ ಇನ್ನಷ್ಟು ಸೊರಗುತ್ತದೆ. ಕೊನೆಗೆ "ನನ್ನ ಕೈಗುಣ ಸರಿಯಿಲ್ಲ" ಎಂದು ನಿಮ್ಮನ್ನೇ ಬೈದುಕೊಂಡು ಸುಮ್ಮನಾಗುತ್ತೀರಿ.

ಕೈಗುಣವನ್ನು ಬೈಯುವ ಮೊದಲು ಬಕೆಟ್ಟಿನಲ್ಲಿರುವ ನೀರನ್ನು ಒಮ್ಮೆ ನೋಡಿ. ಕುಂಡದ ಹೊರಮೈಯಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯೇ? ಹಾಗಿದ್ದರೆ ತಪ್ಪು ನಿಮ್ಮದಲ್ಲ, ನೀರಿನದು.

ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಹೆಸರು ನೀವು ಕೇಳಿರಬಹುದು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020-21ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತ ಊರು ಅದು. ಕಾಲುವೆ ಬಾರದ ಕಡೆ ಮಳೆ ಬಿಟ್ಟರೆ ಬೋರು, ಬಾವಿಯೇ ಗತಿ. ಇನ್ನು ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಸಿಂಧನೂರು ಕಡೆ ನೋಡಿದರೆ ಕಥೆ ಉಲ್ಟಾ. ಅಲ್ಲಿ ಕಾಲುವೆ ನೀರು ಸಿಹಿಯೇ. ಆದರೆ ಎರೆ ಮಣ್ಣಿನಲ್ಲಿ ವರ್ಷಗಟ್ಟಲೆ ನೀರು ನಿಂತೂ ನಿಂತೂ ಅಡಿಯ ಉಪ್ಪು ಮೇಲೆದ್ದು ಎಷ್ಟೋ ಹೊಲಗಳು ಸವುಳು-ಜವುಳಾಗಿ ಹೋಗಿವೆ. ಒಂದು ಕಡೆ ನೀರಿಲ್ಲದ ಕಷ್ಟ, ಇನ್ನೊಂದು ಕಡೆ ನೀರು ಹೆಚ್ಚಾದ ಕಷ್ಟ. ಮನೆ ಮುಂದಿನ ಕುಂಡಕ್ಕೆ ಮಾತ್ರ ಎರಡೂ ಕಡೆ ಬೀಳುವುದು ಹೆಚ್ಚಾಗಿ ಬೋರ್ ನೀರೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ನೀರು ನಂಬಿಕೊಂಡವರೂ ಈ ಸಾಲಿಗೇ ಸೇರುತ್ತಾರೆ.

"ಕುಡಿಯೋ ನೀರನ್ನೇ ಕೊಡಕ್ಕಿಷ್ಟು ಅಂತ ರೊಕ್ಕ ಕೊಟ್ಟು ತರ್ತೀವ್ರಿ, ಅದನ್ನ ಗಿಡಕ್ಕ ಹೆಂಗ ಹಾಕೋದು?" ಎಂದು ಆ ಕಡೆಯ ಯಾವ ಗೃಹಿಣಿಯಾದರೂ ಕೇಳುತ್ತಾಳೆ. ಕೇಳಬೇಕಾದ್ದೇ. ಶುದ್ಧ ನೀರಿನ ಘಟಕದ ಮುಂದೆ ಸರತಿ ನಿಂತು ತಂದ ನೀರನ್ನು ಗುಲಾಬಿಯ ಬುಡಕ್ಕೆ ಸುರಿಯಿರಿ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಎಲೆಗೆ ಸಿಂಪಡಿಸುವ ಉಪಾಯ ಉಪಯೋಗಕ್ಕೆ ಬರುವುದು ಇಲ್ಲೇ. ಹದಿನೈದು ಕುಂಡಗಳಿಗೆ ಒಂದು ಸಲಕ್ಕೆ ಒಂದು ಲೀಟರ್ ಸಿಹಿನೀರು ಸಾಕು!

ಉಪ್ಪಿನಕಾಯಿ ಭರಣಿಯ ಪಾಠ

ಗಿಡಕ್ಕೆ ಉಪ್ಪುನೀರು ಏನು ಮಾಡುತ್ತದೆ ಎಂಬುದನ್ನು ನಿಮ್ಮ ಅಡುಗೆಮನೆಯೇ ಹೇಳಿಕೊಡುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಭರಣಿಯ ತಳದಲ್ಲಿ ನೀರು, ಹೋಳು ಮುದುಡಿರುತ್ತದೆ. ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಹೊರಗೆ ಎಳೆದುಕೊಂಡು ಬರುತ್ತದೆ. ಕುಂಡದ ಮಣ್ಣಿನಲ್ಲಿ ಉಪ್ಪು ಸೇರಿದಾಗ ಬೇರಿನ ಪಾಡೂ ಹೀಗೇ. ಸುತ್ತ ನೀರಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಮಣ್ಣು ಹಸಿಯಾಗಿದ್ದರೂ ಮಧ್ಯಾಹ್ನ ಗಿಡ ಜೋತು ಬೀಳುವುದು ಇದಕ್ಕೇ.

ಇದು ಮೊದಲ ಪೆಟ್ಟು. ಎರಡನೆಯದು ನಿಧಾನವಾಗಿ ಬೀಳುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗಿಡಕ್ಕೆ ಬೇಕಾದ ಪೊಟ್ಯಾಸಿಯಂ ನೋಡಲು ಅಣ್ಣತಮ್ಮಂದಿರಂತೆ. ಬೇರಿನ ಬಾಗಿಲಲ್ಲಿ ಸೋಡಿಯಂ ಗುಂಪು ಕಟ್ಟಿ ನಿಂತರೆ, ಜಾತ್ರೆ ದಿನದ ಮಸ್ಕಿ ಬಸ್ಸಿನಂತೆ, ಪೊಟ್ಯಾಸಿಯಂಗೆ ಒಳಗೆ ಜಾಗ ಸಿಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೂ ಇದೇ ಗತಿ. ಪೊಟ್ಯಾಸಿಯಂ ಇಲ್ಲದಿದ್ದರೆ ಎಲೆಯ ಸಣ್ಣ ರಂಧ್ರಗಳು ಸರಿಯಾಗಿ ತೆರೆದು ಮುಚ್ಚುವುದಿಲ್ಲ, ಇದ್ದಬದ್ದ ನೀರೂ ಬಿಸಿಲಿಗೆ ಹಾರಿ ಹೋಗುತ್ತದೆ. ಒಳಗೆ ಬಂದ ಸೋಡಿಯಂ, ಕ್ಲೋರೈಡ್ ಎಲೆಯ ತುದಿ, ಅಂಚಿನಲ್ಲಿ ಹೋಗಿ ಶೇಖರವಾಗುತ್ತವೆ. ಅದೇ ನೀವು ನೋಡಿದ ಆ ಸುಟ್ಟ ಅಂಚು.

ಮುಂಬಾಗಿಲಲ್ಲಿ ಜನ ತುಂಬಿದರೆ ಹಿತ್ತಿಲ ಬಾಗಿಲಿದೆಯಲ್ಲ! ಎಲೆಯೂ ಆಹಾರ ಹೀರುತ್ತದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟ್ಯೂಕಿ ಮತ್ತು ವಿಟ್ವರ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲೇ ವಿಕಿರಣ ಬೆರೆಸಿದ ಪೋಷಕಾಂಶವನ್ನು ಎಲೆಗೆ ಹಚ್ಚಿ, ಅದು ಗಿಡದೊಳಗೆ ಓಡಾಡುವುದನ್ನು ಪತ್ತೆ ಹಚ್ಚಿ ತೋರಿಸಿದರು. ಉಪ್ಪುನೀರು ಕುಡಿದ ಗಿಡಗಳಿಗೆ ಎಲೆ ಮೂಲಕ ಪೊಟ್ಯಾಸಿಯಂ ಕೊಟ್ಟರೆ ಚೇತರಿಕೆ ಕಾಣುತ್ತದೆ ಎಂದು ಆಮೇಲೆ ಟೊಮೆಟೊ, ಸ್ಟ್ರಾಬೆರಿಯಂಥ ಬೆಳೆಗಳಲ್ಲಿ ಪ್ರಯೋಗಗಳು ನಡೆದಿವೆ. ಹೂಗಿಡದ ಎಲೆಯೂ ಎಲೆಯೇ ತಾನೆ.

ಆದರೆ ಒಂದು ಮಾತು ಈಗಲೇ ಹೇಳಿಬಿಡುವುದು ಒಳ್ಳೆಯದು. ಸಿಂಪಡಣೆಯಿಂದ ಮಣ್ಣಿನ ಉಪ್ಪು ಒಂದು ಚಿಟಿಕೆಯೂ ಕಡಿಮೆಯಾಗುವುದಿಲ್ಲ. ಜ್ವರ ಬಂದವರಿಗೆ ಗ್ಲೂಕೋಸ್ ಹಾಕಿದ ಹಾಗೆ ಇದು. ಶಕ್ತಿ ಬರುತ್ತದೆ, ರೋಗಕ್ಕೆ ಬೇರೆ ಮದ್ದೇ ಬೇಕು. ಆ ಮದ್ದಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೀರಿನ ಜಾತಕ

ಸವುಳು ನೀರು ಬೇರೆ, ಗಡಸು ನೀರು ಬೇರೆ. ಸೋಪು ನೊರೆ ಬಾರದಿದ್ದರೆ, ಬೇಳೆ ಬೇಯದಿದ್ದರೆ, ನೀರು ಕಾಯಿಸುವ ಪಾತ್ರೆಯ ಒಳಗೆ ಸುಣ್ಣದಂಥ ಪದರ ಕಟ್ಟಿದರೆ ಅದು ಗಡಸುತನ. ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಗಿಡಕ್ಕೆ ಇದು ಅಷ್ಟೇನೂ ಶತ್ರುವಲ್ಲ. ಬಾಯಿಗೆ ಉಪ್ಪುಪ್ಪಾಗಿ ಹತ್ತುವ ಸೋಡಿಯಂ ನೀರೇ ನಿಜವಾದ ವೈರಿ. ನಮ್ಮ ಎಷ್ಟೋ ಬೋರ್‌ಗಳಲ್ಲಿ ಎರಡೂ ಸೇರಿಕೊಂಡಿರುತ್ತವೆ, ಅದು ಬೇರೆ ಮಾತು.

ಪೆನ್ನಿನಷ್ಟುದ್ದದ ಟಿ.ಡಿ.ಎಸ್. ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಒಂದು ತಂದರೂ ಸಾಕು. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪರಿಷ್ಕರಿಸಿ ಕೊಟ್ಟ ಲೆಕ್ಕದ ಪ್ರಕಾರ, ಲೀಟರಿಗೆ 450 ಮಿಲಿಗ್ರಾಂಗಿಂತ ಕಡಿಮೆ ಲವಣವಿದ್ದರೆ ಗಿಡಕ್ಕೆ ಚಿಂತೆಯಿಲ್ಲ. 450ರಿಂದ 2000ದವರೆಗೆ ಎಚ್ಚರ ಬೇಕು. 2000 ದಾಟಿದರೆ ಉಪ್ಪು ತಡೆಯುವ ಗಿಡ ಬಿಟ್ಟು ಬೇರೆಯದಕ್ಕೆ ಕೈ ಹಾಕದಿರುವುದೇ ಕ್ಷೇಮ. ಈ ಮೀಟರ್ ಒಟ್ಟು ಲವಣ ಎಷ್ಟು ಎಂದಷ್ಟೇ ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಅದು ಬೇಕಿದ್ದರೆ ಒಂದು ಬಾಟಲಿ ನೀರನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಸವುಳು ಮಣ್ಣು, ಉಪ್ಪುನೀರಿನ ಮೇಲೇ ಸಂಶೋಧನೆ ಮಾಡುವ ಅಖಿಲ ಭಾರತ ಯೋಜನೆಯ ಒಂದು ಕೇಂದ್ರ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ. ಸಿಂಧನೂರಿನವರಿಗೆ ಅದೇನು ದೂರವಲ್ಲ.

ಅಂದಹಾಗೆ, ಮನೆಯಲ್ಲಿ ಫಿಲ್ಟರ್ ಇದ್ದವರು ಒಂದು ವಿಷಯ ಗಮನಿಸಿ. ಆರ್.ಓ. ಯಂತ್ರ ಹೊರಗೆ ಬಿಡುವ ನೀರನ್ನು "ಪಾಪ, ಹಾಳಾಗ್ತದೆ" ಅಂತ ಗಿಡಕ್ಕೆ ಹಾಕುವವರೇ ಹೆಚ್ಚು. ಮೂರು ಲೀಟರಿನಲ್ಲಿ ಒಂದು ಲೀಟರ್ ಸಿಹಿನೀರಾಗಿ ಬಂದರೆ, ಆ ಮೂರೂ ಲೀಟರಿನ ಉಪ್ಪೆಲ್ಲ ಉಳಿದ ಎರಡು ಲೀಟರಿನಲ್ಲಿ ಇರುತ್ತದೆ. ಅಂದರೆ ಬೋರ್ ನೀರಿಗಿಂತ ಒಂದೂವರೆ ಪಟ್ಟು ಉಪ್ಪು! ಅದನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಇಟ್ಟುಕೊಳ್ಳಿ. ಏರ್ ಕೂಲರಿನ ತಳದಲ್ಲಿ ಉಳಿಯುವ ನೀರೂ ಹಾಗೆಯೇ, ನೀರು ಆವಿಯಾಗಿ ಉಪ್ಪು ಅಲ್ಲೇ ಉಳಿದಿರುತ್ತದೆ. ನೀರು ಮೆದು ಮಾಡುವ ಸಾಫ್ಟ್‌ನರ್ ಯಂತ್ರದ ನೀರು ಸೋಪಿಗೆ ಬಲು ಚೆನ್ನ, ಗಿಡಕ್ಕೆ ಬಲು ಕೆಟ್ಟದ್ದು. ಅದು ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಇದಕ್ಕೆ ವಿರುದ್ಧವಾಗಿ ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಹೆಚ್ಚುಕಡಿಮೆ ಮಳೆನೀರಿನಷ್ಟೇ ಉಪ್ಪಿಲ್ಲದ್ದು. ಹಿಡಿದಿಡಿ.

ಏನು, ಎಷ್ಟು, ಹೇಗೆ?

ಗೊಬ್ಬರದ ಅಂಗಡಿಯಲ್ಲಿ "13:0:45 ಕೊಡಿ" ಎಂದರೆ ಸಾಕು, ಪೊಟ್ಯಾಸಿಯಂ ನೈಟ್ರೇಟ್ ಕೊಡುತ್ತಾರೆ. ನಮ್ಮ ಹಿರಿಯರು ಪೆಟ್ಲುಪ್ಪು ಎನ್ನುತ್ತಿದ್ದದ್ದು ಇದನ್ನೇ. ಆದರೆ ಗಿಡಕ್ಕೆ ಗೊಬ್ಬರದ ಅಂಗಡಿಯ ನೀರಿನಲ್ಲಿ ಕರಗುವ ಪುಡಿಯನ್ನೇ ತನ್ನಿ. ಒಂದು ಲೀಟರ್ ಸಿಹಿನೀರಿಗೆ 5 ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ. ಹೊಲಕ್ಕೆ ಇದರ ಎರಡು ಪಟ್ಟು ಹೊಡೆಯುವುದೂ ಉಂಟು. ಕುಂಡದ ಗಿಡಕ್ಕೆ, ಅದೂ ಮೊದಲೇ ಸೊರಗಿದ್ದಕ್ಕೆ, ಅಷ್ಟು ಬೇಡ. ಹದಿನೈದು ದಿನಕ್ಕೊಮ್ಮೆ ಕೊಡಿ.

ನಡುವಿನ ವಾರದಲ್ಲಿ ಮೆಗ್ನೀಸಿಯಂ ಸಲ್ಫೇಟ್, ಅಂದರೆ ಎಪ್ಸಂ ಸಾಲ್ಟ್, ಅದೂ ಲೀಟರಿಗೆ ಒಂದು ಟೀ ಚಮಚ. ಹಳೆಯ ಎಲೆಗಳ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಇದು ಬೇಕೇ ಬೇಕು. ಹೆಸರಿನಲ್ಲಿ "ಸಾಲ್ಟ್" ಇದೆ ಎಂದು ಅಡುಗೆ ಉಪ್ಪು ಬೆರೆಸಿ ಎರಚಿಬಿಟ್ಟೀರಿ ಜೋಕೆ! ಅಡುಗೆ ಉಪ್ಪೇ ಈ ಎಲ್ಲ ರಾಮಾಯಣಕ್ಕೆ ಮೂಲ.

ಹೊಸ ಚಿಗುರು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಎರೆ ಮಣ್ಣು, ಬೋರ್ ನೀರು ಎರಡೂ ಸೇರಿದ ಕಡೆ ದಾಸವಾಳ, ಗುಲಾಬಿ, ಇಕ್ಸೋರಾದಲ್ಲಿ ಇದು ಮಾಮೂಲು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರಕ್ಕೆ ಕಟ್ಟುಬಿದ್ದು ಬೇರಿಗೆ ದಕ್ಕುವುದಿಲ್ಲ. ಅದಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರಿಗೆ 3 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು, ಜೊತೆಗೆ ಅರ್ಧ ನಿಂಬೆಹಣ್ಣಿನ ರಸ. ನಿಂಬೆ ಹಿಂಡುವುದು ರುಚಿಗಲ್ಲ, ಹುಳಿ ಇಲ್ಲದಿದ್ದರೆ ಕಬ್ಬಿಣ ನೀರಿನಲ್ಲೇ ತುಕ್ಕಾಗಿ ಕೂತುಬಿಡುತ್ತದೆ. ಅನ್ನಭೇದಿ ಹಸಿರು ಹರಳಾಗಿರಬೇಕು. ಡಬ್ಬಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಕಲಸಿದ ದಿನವೇ ಮುಗಿಸಿ. ಗೋಡೆ, ಟೈಲ್ಸ್, ಒಣಹಾಕಿದ ಬಿಳಿ ಬಟ್ಟೆ ಹತ್ತಿರ ಇಲ್ಲದಂತೆ ನೋಡಿಕೊಳ್ಳಿ, ಕಲೆ ಬಿಡುವುದಿಲ್ಲ. ಎಲೆಯಿಂದ ಎಲೆಗೆ ಕಬ್ಬಿಣ ಹೆಚ್ಚು ಓಡಾಡುವುದಿಲ್ಲವಾದ್ದರಿಂದ ಹಳದಿ ಚಿಗುರಿಗೇ ತಾಗಬೇಕು. ಹತ್ತು ದಿನ ಬಿಟ್ಟು ಇನ್ನೊಮ್ಮೆ.

ಕ್ಯಾಲ್ಸಿಯಂ ನೈಟ್ರೇಟ್ ಕೂಡ ಕೊಡಬಹುದು, ಲೀಟರಿಗೆ 3 ಗ್ರಾಂ. ಅದನ್ನು ಎಪ್ಸಂ ಸಾಲ್ಟ್ ಜೊತೆ ಒಂದೇ ಬಾಟಲಿಗೆ ಮಾತ್ರ ಹಾಕಬೇಡಿ. ಎರಡೂ ಸೇರಿ ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ, ಪಂಪಿನ ಮೂತಿ ಕಟ್ಟಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಔಷಧ ಎಂದುಕೊಂಡರೆ ತಲೆನೋವೇ ಇಲ್ಲ.

ಇನ್ನು ನಿಮ್ಮ ಔಷಧಿ ಡಬ್ಬಿಯ ಆಸ್ಪಿರಿನ್ ಮಾತ್ರೆ! ನಗಬೇಡಿ. ಗಿಡ ಕಷ್ಟದಲ್ಲಿದ್ದಾಗ ತಾನೇ ತಯಾರಿಸಿಕೊಳ್ಳುವ ಸ್ಯಾಲಿಸಿಲಿಕ್ ಆಮ್ಲದ ಹತ್ತಿರದ ನೆಂಟ ಅದು. ಈ ಆಮ್ಲವನ್ನು ತೀರಾ ತೆಳುವಾಗಿ ಸಿಂಪಡಿಸಿದರೆ ಉಪ್ಪನ್ನು ತಡೆಯುವ ಶಕ್ತಿ ಹೆಚ್ಚುತ್ತದೆ ಎಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. 325 ಮಿ.ಗ್ರಾಂನ ಒಂದು ಮಾತ್ರೆಯನ್ನು ಪುಡಿ ಮಾಡಿ ಮೂರು ಲೀಟರ್ ನೀರಿಗೆ ಕಲಸಿದರೆ ಆ ಪ್ರಯೋಗಗಳ ಅಳತೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಎರಡು ಸಲ ಸಾಕು. "ಒಂದರಿಂದ ಇಷ್ಟಾದರೆ ಮೂರರಿಂದ ಎಷ್ಟಾಗಬೇಡ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎಲೆ ಸುಡುತ್ತದೆ. ನನ್ನನ್ನು ಕೇಳಿದರೆ ಇದು ಕೊನೆಯ ಉಪಾಯ, ಪೊಟ್ಯಾಸಿಯಂ ಮೊದಲನೆಯದು. ಸಮುದ್ರ ಪಾಚಿಯ ರಸವೂ ಅಂಗಡಿಯಲ್ಲಿ ಬಾಟಲಿಗಟ್ಟಲೆ ಸಿಗುತ್ತದೆ. ಲೇಬಲ್ಲಿನಲ್ಲಿ ಬರೆದಷ್ಟೇ ಹಾಕಿ. ಉಪ್ಪಿನ ಸಮುದ್ರದಲ್ಲೇ ಹುಟ್ಟಿ ಬೆಳೆದ ಪಾಚಿ ಉಪ್ಪಿಗೆ ಸೋತ ಗಿಡಕ್ಕೆ ಮದ್ದಾಗುವುದು ವಿಚಿತ್ರವೇ ಸರಿ! ಈ ರಸದ ಬಗ್ಗೆ ನಮ್ಮಲ್ಲಿ ಹೆಚ್ಚು ಕೆಲಸ ಮಾಡಿದ್ದೂ ಭಾವನಗರದ ಕೇಂದ್ರೀಯ ಲವಣ ಸಂಶೋಧನಾ ಸಂಸ್ಥೆಯೇ.

ಹೊತ್ತು ನೋಡಿ ಹೊಡೆಯಿರಿ

ರಾಯಚೂರು ಸೀಮೆಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಹತ್ತಕ್ಕೆ ಸಿಂಪಡಿಸಿದರೆ ನೀರು ಹಾರಿ, ಪುಡಿ ಮಾತ್ರ ಎಲೆಯ ಮೇಲೆ ಉಳಿಯುತ್ತದೆ. ಅದೂ ಒಂದು ಬಗೆಯ ಉಪ್ಪೇ, ಎಲೆ ಇನ್ನಷ್ಟು ಸುಟ್ಟೀತು. ಎಲೆ ಹೀರುವುದು ಹಸಿಯಾಗಿದ್ದಷ್ಟು ಹೊತ್ತು ಮಾತ್ರ. ಆದ್ದರಿಂದ ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೆ, ಇಲ್ಲವೇ ಬೆಳಗಿನ ಕಾಫಿಗೂ ಮುಂಚೆ. ಮಳೆಗಾಲದಲ್ಲಿ ಸಂಜೆ ಬೇಡ. ರಾತ್ರಿಯೆಲ್ಲ ಎಲೆ ಒದ್ದೆಯಿದ್ದರೆ ಗುಲಾಬಿಗೆ ಕಪ್ಪು ಚುಕ್ಕಿ ರೋಗ ಕಾದು ಕೂತಿರುತ್ತದೆ.

ಎಲೆಯ ಮೇಲ್ಮೈಗೆ ಮೇಣದ ಪದರವಿರುತ್ತದೆ, ರಂಧ್ರಗಳು ಹೆಚ್ಚಾಗಿ ಅಡಿಮೈಯಲ್ಲಿ. ಪಂಪಿನ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಅಡಿಗೂ ತಾಗುವಂತೆ ಹೊಡೆಯಿರಿ. ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯೇ ಸಾಕು. ಹನಿ ಜಾರಿ ಬೀಳದಿರಲು ಲೀಟರಿಗೆ ನಾಲ್ಕು ಹನಿ ಶಾಂಪೂ ಹಾಕಿ. ಬೋರ್ ನೀರಿನಲ್ಲಿ ಕಲಸಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ, ಸಿಹಿನೀರೇ ಬೇಕು. ಮೊದಲ ಸಲ ಒಂದೆರಡು ಎಲೆಗೆ ಹೊಡೆದು ಎರಡು ದಿನ ನೋಡಿ ಆಮೇಲೆ ಇಡೀ ಗಿಡಕ್ಕೆ ಹೋಗಿ. ಅರಳಿದ ಹೂವಿಗೆ ತಾಗಿಸಬೇಡಿ, ಕಲೆಯಾಗುತ್ತದೆ. ಮೆತ್ತನೆ ರೋಮದ ಎಲೆಯ ಆಫ್ರಿಕನ್ ವಯೊಲೆಟ್‌ನಂಥವಕ್ಕೆ ಸಿಂಪಡಣೆಯೇ ಬೇಡ.

ಸುಟ್ಟ ಅಂಚು ಮತ್ತೆ ಹಸಿರಾಗುತ್ತದೆ ಎಂದು ಕಾಯಬೇಡಿ. ಸತ್ತ ಭಾಗ ಸತ್ತಂತೆಯೇ. ಮೂರು ನಾಲ್ಕು ವಾರದಲ್ಲಿ ಬರುವ ಹೊಸ ಎಲೆ ಹೇಗಿದೆ ಎಂಬುದನ್ನು ನೋಡಿ, ಗುಣ ಗೊತ್ತಾಗುವುದು ಅಲ್ಲಿ.

ಎಲೆ ಹೀರುತ್ತದೆ ಎಂದ ಮೇಲೆ ಇನ್ನೊಂದು ವಿಷಯವೂ ಹೊಳೆದಿರಬೇಕು ನಿಮಗೆ. ಸಿಹಿನೀರಿನ ಪೊಟ್ಯಾಸಿಯಂ ಹೀರುವ ಎಲೆ ಸವುಳು ನೀರಿನ ಸೋಡಿಯಂ ಅನ್ನೂ ಹೀರುತ್ತದೆ! ಸಂಜೆ ಪೈಪು ಹಿಡಿದು ಗಿಡದ ತಲೆಯ ಮೇಲೆಲ್ಲ ಬೋರ್ ನೀರು ಹಾರಿಸುವುದು ನೋಡಲು ಚೆಂದ. ಆದರೆ ಎಷ್ಟೋ ಮನೆಗಳಲ್ಲಿ ಎಲೆ ಸುಡುವುದು ಅದರಿಂದಲೇ. ಅದನ್ನು ಬಿಟ್ಟು ಬುಡಕ್ಕೆ ಮಾತ್ರ ನೀರು ಹಾಕಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಯಾವ ಪುಡಿಗಿಂತಲೂ ಹೆಚ್ಚು ಗುಣ ಇದರಲ್ಲಿದೆ ಎಂಬುದು ನನ್ನ ಅನಿಸಿಕೆ.

ಬುಡದ ಮದ್ದು

ಸವುಳು ನೀರನ್ನು ಚೂರು ಚೂರೇ ಹಾಕುವುದು ಅತಿ ಕೆಟ್ಟ ಪದ್ಧತಿ. "ಉಪ್ಪುನೀರಲ್ವಾ, ಕಡಿಮೆ ಹಾಕೋಣ" ಅನಿಸುವುದು ಸಹಜ. ಆದರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ, ದಿನದಿನಕ್ಕೂ ಗಟ್ಟಿಯಾಗುತ್ತದೆ. ಹಾಕುವಾಗ ತಳದ ತೂತಿನಿಂದ ಸ್ವಲ್ಪ ಹರಿದು ಹೋಗುವಷ್ಟು ಹಾಕಿ, ಹಳೆಯ ಉಪ್ಪನ್ನೂ ಅದು ಕೊಚ್ಚಿಕೊಂಡು ಹೋಗುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಗಿಡ ಅದನ್ನೇ ಮತ್ತೆ ಕುಡಿಯಬಾರದು. ಬರಿ ಎರೆ ಮಣ್ಣು ತುಂಬಿದ ಕುಂಡದಲ್ಲಿ ಈ ಆಟ ನಡೆಯುವುದಿಲ್ಲ, ನೀರು ಇಳಿಯುವುದೇ ಇಲ್ಲ. ಮರಳು, ಕೊಳೆತ ಸಗಣಿ ಗೊಬ್ಬರ, ಒಂದಿಷ್ಟು ಭತ್ತದ ಹೊಟ್ಟು ಬೆರೆಸಬೇಕು. ಸಿಂಧನೂರಿನ ಅಕ್ಕಿ ಗಿರಣಿಗಳ ಊರಿನಲ್ಲಿ ಹೊಟ್ಟಿಗೇನು ಬರ!

ಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚು ಎಂದು ಬಂದರೆ, ದೊಡ್ಡ ಕುಂಡಕ್ಕೆ ಎರಡು ಟೀ ಚಮಚ ಜಿಪ್ಸಂ ಪುಡಿಯನ್ನು ಮೇಲ್ಮಣ್ಣಿಗೆ ಕೆದಕಿ ಸೇರಿಸಿ, ಆಮೇಲೆ ಧಾರಾಳ ನೀರು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ನೀರು ಅದನ್ನು ಹೊರಗೆ ಹಾಕುತ್ತದೆ. ಸವುಳಾದ ಹೊಲಕ್ಕೆ ರೈತರು ಮಾಡುವುದೂ ಇದನ್ನೇ. ಮೇಲಿನ ಬಿಳಿ ಪದರವನ್ನು ತಿಂಗಳಿಗೊಮ್ಮೆ ಅರ್ಧ ಇಂಚು ಕೆರೆದು ತೆಗೆಯಿರಿ. ಅಲ್ಲಿ ಶೇಂಗಾ ಸಿಪ್ಪೆ ಅಥವಾ ಜೋಳದ ರವದಿ ಹಾಸಿದರೆ ಬಿಸಿಲಿಗೆ ನೀರು ಹಾರುವುದು ಕಡಿಮೆಯಾಗಿ ಉಪ್ಪು ಮೇಲೇಳುವುದೂ ತಗ್ಗುತ್ತದೆ. ಸೊರಗಿದ ಗಿಡದ ಬುಡಕ್ಕೆ ರಾಸಾಯನಿಕ ಗೊಬ್ಬರ ಬೇಡವೇ ಬೇಡ. ಗೊಬ್ಬರವೂ ಲವಣವೇ. ಅದರಲ್ಲೂ ಪೊಟ್ಯಾಷ್ ಎಂದು ಕೊಡುವ ಕೆಂಪು ಹರಳಿನಲ್ಲಿ ಕ್ಲೋರೈಡ್ ತುಂಬಿರುತ್ತದೆ.

ಈಗ ಮಳೆನೀರಿನ ಲೆಕ್ಕ ಮಾಡೋಣ. ಹತ್ತಡಿ ಉದ್ದ ಹತ್ತಡಿ ಅಗಲದ ಮಾಳಿಗೆಯ ಮೇಲೆ ಎರಡು ಸೆಂಟಿಮೀಟರ್ ಮಳೆ ಬಿದ್ದರೆ 180 ಲೀಟರಿಗೂ ಹೆಚ್ಚು ನೀರು! ರಾಯಚೂರು ಜಿಲ್ಲೆಗೆ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಆಸುಪಾಸು. ಆದರೂ ಸೆಪ್ಟೆಂಬರಿನ ಒಂದು ಒಳ್ಳೆಯ ಮಳೆಗೆ 200 ಲೀಟರಿನ ಡ್ರಮ್ ತುಂಬಿಬಿಡುತ್ತದೆ. ಮೊದಲ ಐದು ನಿಮಿಷದ ಕೊಳೆನೀರು ಬಿಟ್ಟು, ಬಟ್ಟೆಯಲ್ಲಿ ಸೋಸಿ ಹಿಡಿಯಿರಿ. ಫೆಬ್ರುವರಿಯಿಂದ ಮೇವರೆಗೆ ವಾರಕ್ಕೊಂದು ಲೀಟರ್ ಸಿಂಪಡಿಸಿದರೂ ಖರ್ಚಾಗುವುದು ಹದಿನೇಳು ಹದಿನೆಂಟು ಲೀಟರ್. ಉಳಿದದ್ದನ್ನು ತಿಂಗಳಿಗೊಮ್ಮೆ ಗುಲಾಬಿ ಬುಡ ತೊಳೆಯಲು ಬಳಸಬಹುದು. ಕುಡಿಯುವ ನೀರಿನ ಕೊಡಕ್ಕೆ ಕೈ ಹಚ್ಚಬೇಕಾಗಿಲ್ಲ, ಅತ್ತೆಯವರಿಂದ ಮಾತು ಕೇಳಬೇಕಾಗಿಯೂ ಇಲ್ಲ! ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿಡಿ, ಡೆಂಗಿ ಸೊಳ್ಳೆ ಇಂಥ ತಿಳಿನೀರನ್ನೇ ಹುಡುಕಿಕೊಂಡು ಬರುತ್ತದೆ.

ಹಟ ಬೇಡದ ಗಿಡಗಳು

ಗುಲಾಬಿ, ಜರಿಗಿಡ, ಆಂಥೂರಿಯಂ ಉಪ್ಪಿಗೆ ಬಲು ಬೇಗ ಸೋಲುತ್ತವೆ. ಒಂದೆರಡು ಗುಲಾಬಿಯನ್ನು ಮಗುವಿನಂತೆ ಸಾಕಿ, ಉಳಿದ ಕುಂಡಗಳಲ್ಲಿ ಗಟ್ಟಿ ಜೀವಗಳನ್ನಿಡಿ. ಕಾಗದದ ಹೂವು, ಕಣಗಿಲೆ, ಲೋಳೆಸರ ಇವು ಉಪ್ಪುನೀರಿಗೆ ಜಗ್ಗುವುದಿಲ್ಲ. ನಿತ್ಯಪುಷ್ಪ, ನೆಲಕ್ಕೆ ಹರಡುವ ಪೋರ್ಚುಲಕ ಕೂಡ ತಕ್ಕಮಟ್ಟಿಗೆ ತಡೆಯುತ್ತವೆ. ಬಡವರ ಮನೆ ಹೂವು ಎಂದು ಮೂಗು ಮುರಿಯುವ ನಿತ್ಯಪುಷ್ಪ ಮೇ ತಿಂಗಳಲ್ಲೂ ಅರಳಿ ನಿಂತಿರುತ್ತದೆ, ನೋಡಿ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ತೆವಳುವ ಮಗು, ಮೇಯಲು ಬರುವ ಆಡು ಇದ್ದರೆ ಅದನ್ನು ಕೈಗೆ ಸಿಗದ ಕಡೆ ನೆಡಿ.

ಒಳಗೆ ಇಟ್ಟ ಸ್ಪೈಡರ್ ಪ್ಲಾಂಟ್, ಡ್ರಸೀನಾಗಳ ಎಲೆ ತುದಿ ಕಂದಾದರೆ ಅದು ಉಪ್ಪಿನಿಂದ ಮಾತ್ರವೇ ಎಂದು ತಿಳಿಯಬೇಡಿ. ಇವುಗಳಿಗೆ ಫ್ಲೋರೈಡ್ ಆಗಿಬರುವುದಿಲ್ಲ. ರಾಯಚೂರು ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಗೊತ್ತಿರುವುದೇ. ಇದಕ್ಕೆ ಯಾವ ಸಿಂಪಡಣೆಯೂ ನಾಟುವುದಿಲ್ಲ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುವುದರಿಂದ ಅದನ್ನು ಹಾಕದೆ, ಎ.ಸಿ. ನೀರು ಅಥವಾ ಮಳೆನೀರು ಕೊಡಿ. ಮತ್ತೆ, ಗಿಡದ ಎಲೆ ಸುಡುವ ನೀರನ್ನು ಮನೆಮಂದಿ ಕುಡಿಯುತ್ತಿದ್ದರೆ ಗಿಡದ ಚಿಂತೆ ಪಕ್ಕಕ್ಕಿಟ್ಟು ಮೊದಲು ಆ ನೀರನ್ನು ಪರೀಕ್ಷೆ ಮಾಡಿಸಿ. ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಕಂಡರಂತೂ ತಡ ಮಾಡಲೇಬೇಡಿ.

ಪುಡಿಗಳನ್ನು ಎಲ್ಲಿಡುತ್ತೀರಿ? 13:0:45 ಪುಡಿ, ಎಪ್ಸಂ ಸಾಲ್ಟ್ ಎರಡೂ ನೋಡಲು ಥೇಟ್ ಉಪ್ಪು, ಸಕ್ಕರೆ. ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟರೆ ಅನಾಹುತಕ್ಕೆ ದಾರಿ. ದಪ್ಪ ಅಕ್ಷರದಲ್ಲಿ "ಗಿಡದ ಔಷಧ" ಎಂದು ಬರೆದು ಅಂಟಿಸಿ, ಮಕ್ಕಳಿಗೆ ಎಟುಕದ ಕಡೆ, ಒಲೆಯಿಂದ ದೂರ ಇಡಿ. ಪೊಟ್ಯಾಸಿಯಂ ನೈಟ್ರೇಟ್ ಬೆಂಕಿಗೆ ಕುಮ್ಮಕ್ಕು ಕೊಡುವ ವಸ್ತು. ಅಳತೆಯ ಚಮಚವೂ ಬೇರೆಯೇ ಇರಲಿ. ದೇವರಿಗೋ ಮುಡಿಗೋ ಕೀಳುವ ಹೂವಿನ ಗಿಡವಾದರೆ ಸಿಂಪಡಿಸುವ ದಿನ ಮೊದಲೇ ಹೂವು ಬಿಡಿಸಿಕೊಂಡುಬಿಡಿ. ಪಕ್ಕದಲ್ಲಿ ತುಳಸಿ, ಕರಿಬೇವು ಇದ್ದರೆ ಒಂದು ಹಳೆ ಸೀರೆ ಹೊದಿಸಿ ಆಮೇಲೆ ಕೆಲಸ ಶುರು ಮಾಡಿ. ಮುಗಿದ ಮೇಲೆ ಬಾಟಲಿಗೆ ಒಂದು ಲೋಟ ಸಿಹಿನೀರು ಹಾಕಿ ನಾಲ್ಕು ಸಲ ಒತ್ತಿ ಖಾಲಿ ಮಾಡಿಡಿ, ಇಲ್ಲದಿದ್ದರೆ ಮುಂದಿನ ವಾರದ ಹೊತ್ತಿಗೆ ಮೂತಿ ಕಟ್ಟಿಕೊಂಡಿರುತ್ತದೆ.